ಗಣಿತದ ವಿದ್ಯಾರ್ಥಿ ಸತ್ಯೇಂದ್ರನಾಥ ಬೋಸ್

ಗಣಿತಶಾಸ್ತ್ರದಲ್ಲಿ ಪದವಿ ಪಡೆಯಬೇಕೆಂಬ ಹಂಬಲ ನಮ್ಮ ಶಾಲೆಯ ಮಕ್ಕಳಲ್ಲಿ ಕೆಲವರಿಗಾದರೂ ಉಂಟು. ಬೀಜಗಣಿತದಲ್ಲಿಯೂ ರೇಖಾಗಣಿತದಲ್ಲಿಯೂ ತರಗತಿಗೇ ಮೊದಲಿಗರಾದವರು ಅವರಲ್ಲಿದ್ದಾರೆ. ಆದರೆ ಕಾಲೇಜಿನ ಮಾತು ಬಂದೊಡನೆ ಅವರ ಮುಖ ಬಾಡುತ್ತದೆ. ಅಲ್ಲಿ ಪಾಠ ನಡೆಯುವುದು ಇಂಗ್ಲಿಷಿನಲ್ಲಿ, ಪುಸ್ತಕಗಳಿರುವುದು ಇಂಗ್ಲಿಷಿನಲ್ಲಿ, ಉತ್ತರ ಬರೆಯಬೇಕಾದುದೂ ಇಂಗ್ಲಿಷಿನಲ್ಲಿಯೇ; ಕನ್ನಡದಲ್ಲಿ ಕಲಿತ ಲೆಕ್ಕ ಅಲ್ಲಿ ಸಾಗುವುದೇ ಎಂಬ ಅಂಜಿಕೆ ಅವರನ್ನು ಕಾಡುತ್ತದೆ. ಕನ್ನಡದಲ್ಲಿಯೇ ಎಸ್.ಎಸ್.ಎಲ್.ಸಿ. ಮುಗಿಸಿ, ಹುಟ್ಟಿದ ಊರನ್ನು ಬಿಟ್ಟು ನಗರಕ್ಕೆ ಬಂದ ನನಗೆ ಈ ಅಂಜಿಕೆಯ ಪರಿಚಯ ಚೆನ್ನಾಗಿಯೇ ಇದೆ. ಅದನ್ನು ಬರಿಯ ಧೈರ್ಯದ ಮಾತುಗಳಿಂದ ಹೋಗಲಾಡಿಸಲಾಗದು. ಆದ್ದರಿಂದ ಗಣಿತದ ಪದವೀಧರರೊಬ್ಬರ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಬಯಸುತ್ತೇನೆ. ಅವರೇ ಬಂಗಾಳದ ಆಚಾರ್ಯ ಸತ್ಯೇಂದ್ರನಾಥ ಬೋಸರು.

ಕೋಲ್ಕತ್ತ ನಗರದ ಪೂರ್ವಕ್ಕೆ ನ್ಯೂ ಟೌನ್ ಎಂಬ ಹೊಸ ಪಟ್ಟಣವಿದೆ. ಅಗಲವಾದ ರಸ್ತೆಗಳೂ ಗಣಕಯಂತ್ರದ ಕಚೇರಿಗಳೂ ಎತ್ತರದ ಮನೆಗಳೂ ಅಲ್ಲಿ ತುಂಬಿವೆ. ದೇಶದ ನಾನಾ ಭಾಗಗಳಿಂದ ಜನರು ಉದ್ಯೋಗಕ್ಕಾಗಿಯೂ ವಿದ್ಯೆಗಾಗಿಯೂ ಅಲ್ಲಿಗೆ ಹೋಗುತ್ತಾರೆ. ಪ್ರೆಸಿಡೆನ್ಸಿ ವಿಶ್ವವಿದ್ಯಾನಿಲಯದ ಎರಡನೆಯ ಆವರಣವಿರುವುದು ಅಲ್ಲಿಯೇ. ಅದಕ್ಕೆ ಹೊಂದಿಕೊಂಡ ಸಾಲ್ಟ್ ಲೇಕ್ ಬಡಾವಣೆಯಲ್ಲಿ 1986ರಲ್ಲಿ ಸ್ಥಾಪಿತವಾದ ಮೂಲವಿಜ್ಞಾನ ಕೇಂದ್ರವೊಂದು ಸತ್ಯೇಂದ್ರನಾಥರ ಹೆಸರನ್ನೇ ಹೊತ್ತು ನಿಂತಿದೆ. ಸತ್ಯೇಂದ್ರನಾಥರು ವಿದ್ಯಾರ್ಥಿಯಾಗಿದ್ದ ಕಾಲದಲ್ಲಿ ನ್ಯೂ ಟೌನ್ ಇರಲಿಲ್ಲ. ಆ ಸ್ಥಳವೆಲ್ಲ ಹೊಲಗದ್ದೆಗಳೂ ಕೆರೆಕುಂಟೆಗಳೂ ಆಗಿದ್ದವು. ಪ್ರೆಸಿಡೆನ್ಸಿಯಾದರೋ ಆಗಲೇ ಹಳೆಯ ಸಂಸ್ಥೆ. 1817ರಲ್ಲಿ ಹಿಂದೂ ಕಾಲೇಜೆಂದು ಆರಂಭವಾಗಿ, 1855ರಲ್ಲಿ ಪ್ರೆಸಿಡೆನ್ಸಿ ಕಾಲೇಜೆಂದು ಹೆಸರು ಪಡೆದು, ಕಾಲೇಜು ಬೀದಿಯ ಪುಸ್ತಕದಂಗಡಿಗಳ ನಡುವೆ ಅದು ನಡೆಯುತ್ತಿತ್ತು. 2010ರಲ್ಲಿ ಅದು ವಿಶ್ವವಿದ್ಯಾನಿಲಯವಾಯಿತು. ಇಂದು ನ್ಯೂ ಟೌನಿನವರೆಗೂ ಕೈಚಾಚಿರುವ ಆ ವಿದ್ಯಾಸಂಸ್ಥೆಯಲ್ಲಿ ಗಣಿತ ಕಲಿತವರ ಪೈಕಿ ಸತ್ಯೇಂದ್ರನಾಥರ ಹೆಸರು ಜಗತ್ತಿಗೆಲ್ಲ ತಿಳಿದುದು.

ಸತ್ಯೇಂದ್ರನಾಥರು 1894ನೆಯ ಇಸವಿ ಜನವರಿ 1ರಂದು ಉತ್ತರ ಕೋಲ್ಕತ್ತದಲ್ಲಿ ಜನಿಸಿದರು. ಅವರ ಪೂರ್ವಿಕರ ಊರು ನದಿಯಾ ಜಿಲ್ಲೆಯ ಬಡಾ ಜಗುಲಿಯಾ. ತಂದೆ ಸುರೇಂದ್ರನಾಥರು ಈಸ್ಟ್ ಇಂಡಿಯನ್ ರೈಲ್ವೆಯಲ್ಲಿ ನೌಕರಿಯಲ್ಲಿದ್ದರು. ತಾಯಿ ಆಮೋದಿನೀ ದೇವಿಯವರು ಒಬ್ಬ ವಕೀಲರ ಮಗಳು. ಏಳು ಮಂದಿ ಮಕ್ಕಳಲ್ಲಿ ಸತ್ಯೇಂದ್ರನಾಥರೇ ಹಿರಿಯರು. ಉಳಿದ ಆರು ಮಂದಿಯೂ ತಂಗಿಯರು. ತಂದೆಗೆ ಲೆಕ್ಕದಲ್ಲಿ ಬಹಳ ಆಸಕ್ತಿ. ಬೆಳಗ್ಗೆ ಕೆಲಸಕ್ಕೆ ಹೊರಡುವ ಮುನ್ನ ಮನೆಯ ನೆಲದ ಮೇಲೆ ಒಂದು ಲೆಕ್ಕವನ್ನು ಬರೆದಿಟ್ಟು ಹೋಗುವುದು ಅವರ ವಾಡಿಕೆ. ಮನೆಗೆ ಅವರು ಹಿಂದಿರುಗುವುದರೊಳಗೆ ಹುಡುಗನು ಅದನ್ನು ಬಿಡಿಸಿರಬೇಕು. ಕಾಗದವಿಲ್ಲ, ಪುಸ್ತಕವಿಲ್ಲ, ಹೇಳಿಕೊಡುವವರೂ ಇಲ್ಲ, ನೆಲವೇ ಹಲಗೆ. ಉತ್ತರ ತಪ್ಪಿದರೆ ಅಳಿಸಿ ಮತ್ತೆ ಮೊದಲಿನಿಂದ ಮಾಡಬೇಕು. ಹೀಗೆ ತಾನೇ ಯೋಚಿಸಿ ಲೆಕ್ಕ ಬಿಡಿಸುವ ಅಭ್ಯಾಸ ಅವರಿಗೆ ಎಳೆಯ ವಯಸ್ಸಿನಲ್ಲಿಯೇ ಬಂದಿತು. ಮುಂದೆ ಅವರು ಪಡೆದ ಪದವಿಗಳಿಗೆಲ್ಲ ಆ ನೆಲವೇ ತಳಹದಿಯಾಯಿತೆಂದರೆ ತಪ್ಪಾಗಲಾರದು.

ಮೊದಲೆರಡು ಶಾಲೆಗಳಲ್ಲಿ ಓದಿದ ಮೇಲೆ ಅವರು ಹೆಸರಾಂತ ಹಿಂದೂ ಶಾಲೆಯನ್ನು ಸೇರಿದರು. ಅಲ್ಲಿಯ ಗಣಿತದ ಉಪಾಧ್ಯಾಯರು ಉಪೇಂದ್ರನಾಥ ಬಕ್ಷಿಯವರು. ಒಂದು ಪರೀಕ್ಷೆಯಲ್ಲಿ ಅವರು ಸತ್ಯೇಂದ್ರನಾಥರಿಗೆ 100ಕ್ಕೆ 110 ಅಂಕಗಳನ್ನು ಕೊಟ್ಟರೆಂಬ ಕಥೆ ಬಂಗಾಳದಲ್ಲಿ ಮನೆಮಾತಾಗಿದೆ. ಕೇಳಿದ ಲೆಕ್ಕಗಳನ್ನೆಲ್ಲ ಹುಡುಗನು ಬಿಡಿಸಿದ್ದಲ್ಲದೆ, ಕೆಲವನ್ನು ಒಂದಕ್ಕಿಂತ ಹೆಚ್ಚು ವಿಧಾನಗಳಿಂದ ಮಾಡಿ ತೋರಿಸಿದ್ದನಂತೆ. ಉತ್ತರ ಸರಿಬಂದ ಕೂಡಲೆ ಪುಸ್ತಕ ಮುಚ್ಚಿಡುವ ನಾವು ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಇನ್ನೊಂದು ದಾರಿಯೂ ಇದ್ದೀತೇ ಎಂದು ಹುಡುಕುವವನಿಗೇ ಗಣಿತ ಒಲಿಯುತ್ತದೆ.

ಪ್ರವೇಶ ಪರೀಕ್ಷೆಗೆ ಕೂಡಬೇಕಾಗಿದ್ದ 1908ರಲ್ಲಿ ಸತ್ಯೇಂದ್ರನಾಥರಿಗೆ ಸೀತಾಳೆ ಸಿಡುಬು ಎದ್ದಿತು. ಒಂದು ವರ್ಷ ಕೈಬಿಟ್ಟುಹೋಯಿತು. ಆ ವರ್ಷವನ್ನು ಅವರು ಕೊರಗಿನಲ್ಲಿ ಕಳೆಯದೆ, ಸಂಸ್ಕೃತ ಕಾವ್ಯಗಳನ್ನೂ ಮುಂದಿನ ತರಗತಿಗಳ ಗಣಿತವನ್ನೂ ಓದಿಕೊಂಡರು. 1909ರ ಪರೀಕ್ಷೆಯಲ್ಲಿ ಐದನೆಯವರಾಗಿ ತೇರ್ಗಡೆ ಹೊಂದಿ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದರು. ಆಗ ಅವರಿಗೆ ಹದಿನೈದು ವರ್ಷ.

ಅದು ಬಂಗಾಳದಲ್ಲಿ ಸ್ವದೇಶೀ ಚಳವಳಿಯ ಕಾವು ಆರದಿದ್ದ ಕಾಲ. 1905ರಲ್ಲಿ ಸರ್ಕಾರ ಬಂಗಾಳವನ್ನು ಎರಡಾಗಿ ಒಡೆದಿತ್ತು. ದೇಶಕ್ಕೆ ಉಪಯೋಗವಾಗುವ ವಿದ್ಯೆಯನ್ನು ಕಲಿಯಬೇಕೆಂಬ ಹುಮ್ಮಸ್ಸಿನಿಂದ ಅನೇಕ ತರುಣರು ವಿಜ್ಞಾನದ ಕಡೆಗೆ ತಿರುಗಿದರು. ಹೀಗಾಗಿ ಪ್ರೆಸಿಡೆನ್ಸಿಯ ಆ ಒಂದು ತರಗತಿಯಲ್ಲಿಯೇ ಪ್ರತಿಭಾವಂತರು ತುಂಬಿದ್ದರು. ಭೌತಶಾಸ್ತ್ರಕ್ಕೆ ಜಗದೀಶಚಂದ್ರ ಬೋಸರು, ರಸಾಯನಶಾಸ್ತ್ರಕ್ಕೆ ಪ್ರಫುಲ್ಲಚಂದ್ರ ರಾಯರು, ಗಣಿತಕ್ಕೆ ಡಿ. ಎನ್. ಮಲ್ಲಿಕ್ ಮತ್ತು ಕಲ್ಲಿಸ್ ಮೊದಲಾದವರು ಅಧ್ಯಾಪಕರು. 1911ರ ಇಂಟರ್ಮೀಡಿಯೆಟ್ ಪರೀಕ್ಷೆಯಲ್ಲಿ ಸತ್ಯೇಂದ್ರನಾಥರು ಮೊದಲಿಗರಾದರು. ಬಳಿಕ ಬಿ.ಎಸ್‌ಸಿ. ತರಗತಿಯಲ್ಲಿ ಗಣಿತದ ಆನರ್ಸನ್ನು ಆರಿಸಿಕೊಂಡರು.

ಅದೇ ವರ್ಷ ಢಾಕಾದ ಕಡೆಯಿಂದ ಒಬ್ಬ ಹುಡುಗ ಆ ತರಗತಿಗೆ ಬಂದು ಸೇರಿದನು. ಅವನು ಮೇಘನಾದ ಸಹಾ. ಅವನ ಹಳ್ಳಿ ಶೇವರಾತಲಿ. ತಂದೆಯದು ಸಣ್ಣ ದಿನಸಿ ಅಂಗಡಿ. 1905ರಲ್ಲಿ ಗವರ್ನರರ ಭೇಟಿಯನ್ನು ಪ್ರತಿಭಟಿಸಿದವರಲ್ಲಿ ಸೇರಿದ್ದಕ್ಕಾಗಿ ಸರ್ಕಾರಿ ಶಾಲೆಯಿಂದ ಹೊರಬೀಳಬೇಕಾಯಿತು; ಬೇರೊಂದು ಶಾಲೆಯಲ್ಲಿ ಓದಿ ಮುಂದೆ ಬಂದನು. ಕೋಲ್ಕತ್ತದ ವಿದ್ಯಾರ್ಥಿನಿಲಯದಲ್ಲಿ ಜಾತಿಯ ಕಾರಣದಿಂದ ಅವಮಾನವನ್ನೂ ಅನುಭವಿಸಬೇಕಾಯಿತು. ನಗರದ ನೌಕರರ ಮನೆಯ ಮಗನೂ ಹಳ್ಳಿಯ ಅಂಗಡಿಯವರ ಮಗನೂ ಒಂದೇ ಬೆಂಚಿನ ಗೆಳೆಯರಾದರು. 1913ರ ಬಿ.ಎಸ್‌ಸಿ. ಪರೀಕ್ಷೆಯಲ್ಲಿ ಸತ್ಯೇಂದ್ರನಾಥರು ಪ್ರಥಮರು, ಮೇಘನಾದರು ದ್ವಿತೀಯರು. 1915ರಲ್ಲಿ ಮಿಶ್ರಗಣಿತದ ಎಂ.ಎಸ್‌ಸಿ. ಪರೀಕ್ಷೆಯಲ್ಲಿಯೂ ಅದೇ ಕ್ರಮ. ಎರಡನೆಯ ಸ್ಥಾನದ ಮೇಘನಾದರು ಮುಂದೆ 1920ರಲ್ಲಿ ನಕ್ಷತ್ರಗಳ ಬೆಳಕನ್ನು ಓದುವ ಸೂತ್ರವನ್ನು ಕಂಡುಹಿಡಿದು ಜಗತ್ಪ್ರಸಿದ್ಧರಾದರೆಂಬುದನ್ನು ಮರೆಯಬಾರದು. ಪರೀಕ್ಷೆಯ ಸ್ಥಾನ ಆ ದಿನದ ಮಟ್ಟಿಗೆ ಮಾತ್ರ.

ಅಂದಿನ ಮಿಶ್ರಗಣಿತವೆಂದರೆ ಶುದ್ಧಗಣಿತವನ್ನು ಪ್ರಕೃತಿಯ ವ್ಯಾಪಾರಗಳಿಗೆ ಅನ್ವಯಿಸುವ ವಿದ್ಯೆ. ವಸ್ತುಗಳ ಚಲನೆ, ದ್ರವಗಳ ಒತ್ತಡ, ಗ್ರಹಗಳ ಗತಿ ಇವೆಲ್ಲ ಅದರಲ್ಲಿ ಸೇರುತ್ತಿದ್ದವು. ಶಾಲೆಯ ಗಣಿತಕ್ಕೂ ಪದವಿಯ ಗಣಿತಕ್ಕೂ ಇರುವ ಮುಖ್ಯ ವ್ಯತ್ಯಾಸವನ್ನು ಇಲ್ಲಿಯೇ ಹೇಳಿಬಿಡುವುದು ಲೇಸು. ಶಾಲೆಯಲ್ಲಿ ನಾವು ಸೂತ್ರವನ್ನು ಕಲಿತು ಉತ್ತರವನ್ನು ಪಡೆಯುತ್ತೇವೆ. ಕಾಲೇಜಿನಲ್ಲಿ ಆ ಸೂತ್ರ ಏಕೆ ಸರಿ, ಎಲ್ಲಿಯವರೆಗೆ ಸರಿ ಎಂದು ಸಾಧಿಸಬೇಕಾಗುತ್ತದೆ. ಸಾಧನೆಯೆಂದರೆ ಒಂದು ಮಾತಿನಿಂದ ಇನ್ನೊಂದು ಮಾತಿಗೆ ಸಂದಿಲ್ಲದಂತೆ ಹೋಗುವುದು. ಆದ್ದರಿಂದಲೇ ಪದವಿಯ ಗಣಿತಕ್ಕೆ ಅಂಕೆಗಳಷ್ಟೇ ಭಾಷೆಯೂ ಬೇಕು. ಸತ್ಯೇಂದ್ರನಾಥರಿಗೂ ಅವರ ಗೆಳೆಯರಿಗೂ ಮನೆಯ ಮಾತು ಬಂಗಾಳಿ. ಕಾಲೇಜಿನ ಪಾಠ ಇಂಗ್ಲಿಷ್. ನಮ್ಮನ್ನು ಇಂದು ಅಂಜಿಸುವ ಗೋಡೆ ಅವರ ಮುಂದೆಯೂ ಇತ್ತು. ಅವರು ಅದನ್ನು ದಾಟಿದರು. ಆದರೆ ದಾಟಿದ ಮೇಲೆ ಅದನ್ನು ಮರೆಯಲಿಲ್ಲ. ವಿದ್ಯಾರ್ಥಿಯಾಗಿದ್ದಾಗಲೇ ಸತ್ಯೇಂದ್ರನಾಥರು ಬಡವರಿಗಾಗಿ ನಡೆಯುತ್ತಿದ್ದ ರಾತ್ರಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದರು.

ಎಂ.ಎಸ್‌ಸಿ.ಯಲ್ಲಿ ಮೊದಲಿಗರಾದವರಿಗೆ ಕೆಲಸ ಕಾದು ಕುಳಿತಿರಲಿಲ್ಲ. ಮದುವೆಯೂ 1914ರಲ್ಲಿಯೇ ಆಗಿತ್ತು. ಸತ್ಯೇಂದ್ರನಾಥರು ಕೆಲವು ಕಾಲ ಮನೆಪಾಠ ಹೇಳಿ ದಿನ ನೂಕಿದರು. ಗಣಿತದ ಪ್ರಾಧ್ಯಾಪಕರಾದ ಗಣೇಶ ಪ್ರಸಾದರ ಬಳಿ ಸಂಶೋಧನೆ ಮಾಡಲು ಹೋದಾಗ, ಅವರು ತಮ್ಮ ಹಿಂದಿನ ಗುರುಗಳನ್ನು ಹೀಗಳೆದುದನ್ನು ಸಹಿಸದೆ ಎದುರು ಮಾತಾಡಿ, ಆ ಅವಕಾಶವನ್ನೂ ಕಳೆದುಕೊಂಡರೆಂದು ಹೇಳುತ್ತಾರೆ. ಆಗ ನೆರವಾದವರು ಸರ್ ಆಶುತೋಷ ಮುಖರ್ಜಿಯವರು. ತಾವೂ ಗಣಿತದ ಪದವೀಧರರಾಗಿ, ಬಳಿಕ ಹೈಕೋರ್ಟಿನ ನ್ಯಾಯಾಧೀಶರಾಗಿ, ವಿಶ್ವವಿದ್ಯಾನಿಲಯದ ಕುಲಪತಿಗಳೂ ಆಗಿದ್ದ ಅವರು 1914ರಲ್ಲಿ ವಿಜ್ಞಾನ ಕಾಲೇಜಿಗೆ ಅಸ್ತಿಭಾರ ಹಾಕಿದ್ದರು. ಹೊಸ ಗಣಿತವನ್ನೂ ಹೊಸ ಭೌತಶಾಸ್ತ್ರವನ್ನೂ ಅಲ್ಲಿ ಕಲಿಸಬೇಕೆಂದು ತರುಣರು ಅವರಲ್ಲಿಗೆ ಹೋಗಿ ಕೇಳಿಕೊಂಡರು. ಅವರು ಒಪ್ಪಿ, ಆ ತರುಣರಿಗೇ ಕೆಲಸವನ್ನು ವಹಿಸಿದರು. 1916ರ ಸುಮಾರಿಗೆ ಸತ್ಯೇಂದ್ರನಾಥರೂ ಮೇಘನಾದರೂ ಅಲ್ಲಿ ನೇಮಕ ಹೊಂದಿದರು. ಕಲಿಸಬೇಕಾದ ವಿಷಯವನ್ನು ಮೊದಲು ತಾವೇ ಕಲಿಯಬೇಕಾಗಿತ್ತು!

ಆಗ ಮಹಾಯುದ್ಧದ ಕಾಲ. ಹೊಸ ಭೌತಶಾಸ್ತ್ರದ ಗ್ರಂಥಗಳು ಬಹುಮಟ್ಟಿಗೆ ಜರ್ಮನ್ ಭಾಷೆಯಲ್ಲಿದ್ದವು. ಅವು ಕೋಲ್ಕತ್ತಕ್ಕೆ ಬರುತ್ತಿರಲಿಲ್ಲ. ಯೂರೋಪಿನಿಂದ ಬಂದು ಶಿಬ್‌ಪುರದ ಇಂಜಿನಿಯರಿಂಗ್ ಕಾಲೇಜಿನಲ್ಲಿದ್ದ ಬ್ರೂಲ್ ಎಂಬ ವಿದ್ವಾಂಸರ ಬಳಿ ಅಂಥ ಪುಸ್ತಕಗಳಿದ್ದವು. ಸತ್ಯೇಂದ್ರನಾಥರು ಅವನ್ನು ಎರವಲು ತಂದು ಓದಿದರು. ಅದಕ್ಕಾಗಿ ಜರ್ಮನ್ ಕಲಿತರು, ಫ್ರೆಂಚನ್ನೂ ಕಲಿತರು. 1920ರಲ್ಲಿ ಐನ್‌ಸ್ಟೈನರ ಸಾಪೇಕ್ಷತಾವಾದದ ಲೇಖನಗಳನ್ನು ಸತ್ಯೇಂದ್ರನಾಥರೂ ಮೇಘನಾದರೂ ಜರ್ಮನಿನಿಂದ ಇಂಗ್ಲಿಷಿಗೆ ಅನುವಾದಿಸಿ, ಕೋಲ್ಕತ್ತ ವಿಶ್ವವಿದ್ಯಾನಿಲಯದ ಮೂಲಕ ಪುಸ್ತಕವಾಗಿ ಹೊರತಂದರು. ಆ ಲೇಖನಗಳ ಮೊದಲ ಇಂಗ್ಲಿಷ್ ಅನುವಾದ ಬಂದುದು ಇಂಗ್ಲೆಂಡಿನಿಂದಲ್ಲ, ಕೋಲ್ಕತ್ತದಿಂದ. ಪರಭಾಷೆಯನ್ನು ಹೊರೆಯೆಂದು ಬಗೆಯದೆ ಹತ್ಯಾರವೆಂದು ಬಗೆದವರ ಕೆಲಸ ಹೀಗಿರುತ್ತದೆ.

1921ರಲ್ಲಿ ಢಾಕಾದಲ್ಲಿ ಹೊಸ ವಿಶ್ವವಿದ್ಯಾನಿಲಯ ಆರಂಭವಾಯಿತು. ಸತ್ಯೇಂದ್ರನಾಥರು ಅಲ್ಲಿ ಭೌತಶಾಸ್ತ್ರದ ರೀಡರಾಗಿ ಹೋದರು. ಕಾದ ವಸ್ತುವಿನಿಂದ ಹೊಮ್ಮುವ ಬೆಳಕಿನ ಬಗ್ಗೆ ಪ್ಲಾಂಕ್ ಎಂಬ ಜರ್ಮನ್ ವಿಜ್ಞಾನಿ 1900ರಲ್ಲಿ ಒಂದು ನಿಯಮವನ್ನು ಕಂಡುಹಿಡಿದಿದ್ದರು. ನಿಯಮ ಸರಿಯಾಗಿತ್ತು, ಆದರೆ ಅದನ್ನು ಸಾಧಿಸುವ ದಾರಿಯಲ್ಲಿ ಹಳೆಯ ಸಿದ್ಧಾಂತವೂ ಹೊಸ ಸಿದ್ಧಾಂತವೂ ಬೆರೆತು ಗೋಜಲಾಗಿತ್ತು. ಅದನ್ನು ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಸತ್ಯೇಂದ್ರನಾಥರ ಮನಸ್ಸಿಗೆ ಒಪ್ಪಲಿಲ್ಲ. ಗಣಿತದ ವಿದ್ಯಾರ್ಥಿಯಾಗಿ ಬೆಳೆದವರಲ್ಲವೆ? ಉತ್ತರ ಸರಿಯಿದ್ದರೂ ದಾರಿ ಸರಿಯಿಲ್ಲದಿದ್ದರೆ ಅವರಿಗೆ ನೆಮ್ಮದಿಯಿಲ್ಲ. ಬಾಲ್ಯದಲ್ಲಿ ಹುಡುಕಿದಂತೆ ಈಗಲೂ ಇನ್ನೊಂದು ದಾರಿಯನ್ನು ಹುಡುಕಿದರು. ಅದು ಎಣಿಕೆಯ ದಾರಿ.

ಅದರ ತಿರುಳನ್ನು ನೀವೂ ತಿಳಿಯಬಹುದು. ಒಂದು ಕೆಂಪು ಗೋಲಿ, ಒಂದು ನೀಲಿ ಗೋಲಿ ಮತ್ತು ಎರಡು ಡಬ್ಬಿಗಳಿವೆಯೆನ್ನಿ. ಗೋಲಿಗಳನ್ನು ಡಬ್ಬಿಗಳಲ್ಲಿ ಎಷ್ಟು ವಿಧವಾಗಿ ಹಾಕಬಹುದು? ಎರಡೂ ಮೊದಲನೆಯದರಲ್ಲಿ, ಎರಡೂ ಎರಡನೆಯದರಲ್ಲಿ, ಕೆಂಪು ಮೊದಲನೆಯದರಲ್ಲಿ, ನೀಲಿ ಎರಡನೆಯದರಲ್ಲಿ, ನೀಲಿ ಮೊದಲನೆಯದರಲ್ಲಿ, ಕೆಂಪು ಎರಡನೆಯದರಲ್ಲಿ. ಒಟ್ಟು 4 ವಿಧ. ಗೋಲಿಗಳಿಗೆ ಬಣ್ಣವೂ ಇಲ್ಲ, ಗುರುತೂ ಇಲ್ಲ, ಇದು ಅದಲ್ಲ ಎಂದು ಹೇಳಲು ಯಾವ ಉಪಾಯವೂ ಇಲ್ಲವೆಂದಾದರೆ ಕೊನೆಯ ಎರಡು ವಿಧಗಳು ಒಂದೇ ಆಗುತ್ತವೆ. ಉಳಿಯುವುದು 3 ವಿಧ. ಮೊದಲನೆಯ ಎಣಿಕೆಯಲ್ಲಿ ಎರಡು ಗೋಲಿಗಳೂ ಒಂದೇ ಡಬ್ಬಿಯಲ್ಲಿರುವ ಸಂಭವ ನಾಲ್ಕರಲ್ಲಿ ಎರಡು, ಎಂದರೆ ಅರ್ಧ. ಎರಡನೆಯದರಲ್ಲಿ ಮೂರು ವಿಧಗಳೂ ಸಮಾನವೆಂದು ಹಿಡಿದರೆ ಅದು ಮೂರರಲ್ಲಿ ಎರಡು. ನಾವು ಆಡುವ ಗೋಲಿಗಳು ನೋಡಲು ಎಷ್ಟೇ ಒಂದೇ ತೆರನಾಗಿದ್ದರೂ ಬೇರೆ ಬೇರೆಯೇ ಆದ್ದರಿಂದ ಅವಕ್ಕೆ ಮೊದಲನೆಯ ಎಣಿಕೆಯೇ ಸರಿ. ಬೆಳಕಿನ ಕಣಗಳಾದರೋ ಒಂದರಿಂದ ಒಂದನ್ನು ಬೇರ್ಪಡಿಸಿ ಗುರುತಿಸಲಾಗದಂಥವು. ಅವಕ್ಕೆ ಎರಡನೆಯ ಎಣಿಕೆಯೇ ಸಲ್ಲುತ್ತದೆ. ಹೀಗೆ ಎಣಿಸಿ ಸತ್ಯೇಂದ್ರನಾಥರು ಪ್ಲಾಂಕರ ನಿಯಮವನ್ನು ಗೋಜಲಿಲ್ಲದೆ ಸಾಧಿಸಿದರು.

1924ರ ಜೂನ್ ತಿಂಗಳಲ್ಲಿ ಅವರು ಆ ಲೇಖನವನ್ನು ಐನ್‌ಸ್ಟೈನರಿಗೆ ಕಳುಹಿಸಿ, ಯೋಗ್ಯವೆನಿಸಿದರೆ ಜರ್ಮನಿಯಲ್ಲಿ ಪ್ರಕಟಿಸಬೇಕೆಂದು ಬೇಡಿಕೊಂಡರು. ಐನ್‌ಸ್ಟೈನರು ಲೇಖನವನ್ನು ತಾವೇ ಜರ್ಮನಿಗೆ ಅನುವಾದಿಸಿ ಅದೇ ವರ್ಷ ಪ್ರಕಟಿಸಿದರು. ಅಲ್ಲದೆ ಅದೇ ಎಣಿಕೆಯನ್ನು ಅನಿಲದ ಪರಮಾಣುಗಳಿಗೂ ಅನ್ವಯಿಸಿ, ಅತಿಶೀತದಲ್ಲಿ ಪರಮಾಣುಗಳು ಒಂದೇ ಸ್ಥಿತಿಯಲ್ಲಿ ಒಟ್ಟುಗೂಡುತ್ತವೆಂದು ತೋರಿಸಿದರು. ಅದು ಪ್ರಯೋಗದಲ್ಲಿ ಸಿದ್ಧವಾದುದು 1995ರಲ್ಲಿ, ಅಮೆರಿಕದ ಬೌಲ್ಡರ್ ನಗರದಲ್ಲಿ. ಈ ಎಣಿಕೆಗೆ ಒಳಪಡುವ ಕಣಗಳಿಗೆಲ್ಲ ಇಂದು ಬೋಸಾನ್ ಎಂಬ ಹೆಸರಿದೆ.

ಢಾಕಾ ವಿಶ್ವವಿದ್ಯಾನಿಲಯ ಅವರನ್ನು ಯೂರೋಪಿಗೆ ಕಳುಹಿಸಿತು. ಪ್ಯಾರಿಸಿನಲ್ಲಿ ಮೇರಿ ಕ್ಯೂರಿಯವರನ್ನು ಕಂಡಾಗ, ಮೊದಲು ಫ್ರೆಂಚನ್ನು ಕಲಿತು ಬರುವಂತೆ ಆಕೆ ಇಂಗ್ಲಿಷಿನಲ್ಲಿ ವಿವರವಾಗಿ ಬುದ್ಧಿ ಹೇಳಿದರಂತೆ. ತಮಗೆ ಫ್ರೆಂಚ್ ಬರುತ್ತದೆಂದು ತಿಳಿಸಲು ಸಂಕೋಚದ ಸತ್ಯೇಂದ್ರನಾಥರಿಗೆ ಬಾಯಿಯೇ ಬರಲಿಲ್ಲವಂತೆ. 1925ರಲ್ಲಿ ಬರ್ಲಿನಿಗೆ ಹೋಗಿ ಐನ್‌ಸ್ಟೈನರನ್ನು ಕಂಡರು. 1926ರಲ್ಲಿ ಹಿಂದಿರುಗಿ, ಮರುವರ್ಷ ಢಾಕಾದಲ್ಲಿ ಪ್ರಾಧ್ಯಾಪಕರಾದರು. ಅವರಿಗೆ ಡಾಕ್ಟರೇಟ್ ಇರಲಿಲ್ಲ; ಪರೀಕ್ಷೆಗೆ ಕುಳಿತು ಗಳಿಸಿದ ಕೊನೆಯ ಪದವಿ ಗಣಿತದ ಎಂ.ಎಸ್‌ಸಿ.ಯೇ. 1945ರವರೆಗೆ ಢಾಕಾದಲ್ಲಿಯೂ, ಆಮೇಲೆ 1956ರವರೆಗೆ ಕೋಲ್ಕತ್ತದಲ್ಲಿಯೂ ಪಾಠ ಹೇಳಿದರು. 1954ರಲ್ಲಿ ಪದ್ಮವಿಭೂಷಣ, 1958ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ, 1959ರಲ್ಲಿ ರಾಷ್ಟ್ರೀಯ ಪ್ರಾಧ್ಯಾಪಕ ಪದವಿ ಅವರಿಗೆ ದೊರೆತವು.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದು ಮೇಧಾವಿಯೊಬ್ಬರ ಕಥೆಯಾಗುತ್ತಿತ್ತು. ನಮಗೆ ಅಷ್ಟು ಹತ್ತಿರದ್ದಾಗುತ್ತಿರಲಿಲ್ಲ. ನಾಲ್ಕು ಭಾಷೆಗಳಲ್ಲಿ ವಿಜ್ಞಾನವನ್ನು ಓದಬಲ್ಲವರಾಗಿದ್ದ ಸತ್ಯೇಂದ್ರನಾಥರು, ಬಂಗಾಳದ ಹುಡುಗ ಬಂಗಾಳಿಯಲ್ಲಿಯೇ ವಿಜ್ಞಾನವನ್ನು ಕಲಿಯಬೇಕೆಂದು ಪಟ್ಟು ಹಿಡಿದರು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಬಂಗೀಯ ವಿಜ್ಞಾನ ಪರಿಷತ್ತನ್ನು ಸ್ಥಾಪಿಸಿ, ‘ಜ್ಞಾನ್ ಓ ಬಿಜ್ಞಾನ್’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಎಂ.ಎಸ್‌ಸಿ. ತರಗತಿಯಲ್ಲಿ ಸಾಪೇಕ್ಷತಾವಾದವನ್ನು ಬಂಗಾಳಿಯಲ್ಲಿ ಪಾಠ ಹೇಳಿದರು. ಪರಿಭಾಷೆಯಿಲ್ಲವೆಂದು ಆಕ್ಷೇಪಿಸಿದವರಿಗೆ, ಪಾರಿಭಾಷಿಕ ಶಬ್ದಗಳು ಪರಭಾಷೆಯವಾದರೂ ಚಿಂತೆಯಿಲ್ಲ, ವಿವರಣೆ ಮಾತ್ರ ತಾಯ್ನುಡಿಯಲ್ಲಿರಲಿ ಎಂಬುದು ಅವರ ಸಮಾಧಾನ. 1962ರಲ್ಲಿ ಜಪಾನಿಗೆ ಹೋದಾಗ, ಅಲ್ಲಿಯ ವಿದ್ವಾಂಸರು ಅತ್ಯುನ್ನತ ವಿಜ್ಞಾನವನ್ನು ಜಪಾನೀ ಭಾಷೆಯಲ್ಲಿಯೇ ಚರ್ಚಿಸುವುದನ್ನು ಕಂಡು ಅವರ ನಂಬಿಕೆ ಇನ್ನೂ ಬಲವಾಯಿತು. ಸಂಶೋಧನೆಗೆ ಬಂಗಾಳಿ ಸಾಲದೆಂಬ ಮಾತಿಗೆ 1963ರಲ್ಲಿ ಪತ್ರಿಕೆಯೇ ಉತ್ತರ ಕೊಟ್ಟಿತು: ಬಂಗಾಳಿಯಲ್ಲಿ ಬರೆದ ಹೊಸ ಸಂಶೋಧನ ಲೇಖನಗಳನ್ನು ಮಾತ್ರ ಒಳಗೊಂಡ ಒಂದು ವಿಶೇಷ ಸಂಚಿಕೆ ಹೊರಬಂದಿತು. ಬಿಡುವಿನಲ್ಲಿ ಎಸ್ರಾಜ್ ಎಂಬ ತಂತಿವಾದ್ಯವನ್ನು ನುಡಿಸುತ್ತ, ಸರಳವಾಗಿ ಬಾಳಿದ ಅವರು 1974ರ ಫೆಬ್ರವರಿ 4ರಂದು ಕೋಲ್ಕತ್ತದಲ್ಲಿ ಕಾಲವಾದರು.

ಅವರ ಬಯಕೆ ಪೂರ್ಣವಾಗಿ ಕೈಗೂಡಿತೆನ್ನಲಾಗದು. ನಮ್ಮ ದೇಶದ ಕಾಲೇಜುಗಳಲ್ಲಿ ಪದವಿಯ ಗಣಿತ ಇಂದಿಗೂ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ನಡೆಯುತ್ತಿದೆ. ಆದುದರಿಂದ ಗಣಿತದ ಪದವಿಗೆ ಹೊರಡುವ ಕನ್ನಡ ವಿದ್ಯಾರ್ಥಿ ಇಂಗ್ಲಿಷನ್ನು ಕಲಿಯಲೇಬೇಕು. ಇದನ್ನು ಮುಚ್ಚಿಟ್ಟು ನಿಮ್ಮನ್ನು ಸಂತೋಷಪಡಿಸುವುದು ಗುರುವಿಗೆ ತಕ್ಕುದಲ್ಲ. ಆದರೆ ಇಂಗ್ಲಿಷ್ ಬಾರದಿರುವುದು ಬೇರೆ, ಗಣಿತ ಬಾರದಿರುವುದು ಬೇರೆ. ಮೊದಲನೆಯದು ಒಂದೆರಡು ವರ್ಷಗಳ ಶ್ರಮದಿಂದ ನೀಗುವ ಕೊರತೆ. ಕಾಲೇಜಿನ ಮೊದಲ ತಿಂಗಳುಗಳಲ್ಲಿ ಪಾಠ ಅರ್ಥವಾಗದೆ ಹೋದರೆ, ತನಗೆ ಗಣಿತವೇ ಬಾರದೆಂದು ತೀರ್ಮಾನಿಸಿ ಹಿಂದಿರುಗಬೇಡಿ. ಸೂತ್ರವನ್ನು ಕನ್ನಡದಲ್ಲಿ ನಿಮಗೆ ನೀವೇ ವಿವರಿಸಿಕೊಳ್ಳಿ. ವಿವರಿಸಲು ಬಂದರೆ ಅದು ನಿಮಗೆ ತಿಳಿದಂತೆಯೇ. ಆಮೇಲೆ ಅದನ್ನು ಇಂಗ್ಲಿಷಿನಲ್ಲಿ ಬರೆಯಲು ಕಲಿಯಿರಿ.

ನಮ್ಮ ನಾಡಿನಲ್ಲಿಯೂ ಈ ದಾರಿಯಲ್ಲಿ ನಡೆದವರಿದ್ದಾರೆ. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿಯೇ ‘ವಿಜ್ಞಾನ’ವೆಂಬ ಕನ್ನಡ ಮಾಸಪತ್ರಿಕೆಯನ್ನು ಹೊರಡಿಸಿದರು; ಎಂದರೆ ಬಂಗಾಳದ ಪತ್ರಿಕೆಗಿಂತ ಮೂವತ್ತು ವರ್ಷ ಮೊದಲು. ಮಡಿಕೇರಿಯಲ್ಲಿ ಹುಟ್ಟಿ, ಗಣಿತದಲ್ಲಿ ಉನ್ನತ ಪದವಿ ಪಡೆದು, ಗಣಿತದ ಅಧ್ಯಾಪಕರಾಗಿದ್ದ ಜಿ. ಟಿ. ನಾರಾಯಣರಾಯರು ನಕ್ಷತ್ರಗಳನ್ನೂ ಸಾಪೇಕ್ಷತಾವಾದವನ್ನೂ ಕನ್ನಡದ ಓದುಗರಿಗೆ ತಲುಪಿಸಿದರು. ಕಲಿಯಲು ಗೋಡೆಯ ಆಚೆಗೆ ಹೋದ ಇವರು, ಕಲಿತದ್ದನ್ನು ಹೊತ್ತು ಈಚೆಗೆ ಬಂದವರು.

ಕೊನೆಗೆ ಸತ್ಯೇಂದ್ರನಾಥರ ತಂದೆಯವರ ರೀತಿಯಲ್ಲಿ ಒಂದು ಲೆಕ್ಕವನ್ನು ಕೊಟ್ಟು ಲೇಖನವನ್ನು ಮುಗಿಸುತ್ತೇನೆ. ಮೂರು ಬಣ್ಣದ ಮೂರು ಗೋಲಿಗಳನ್ನು ಮೂರು ಡಬ್ಬಿಗಳಲ್ಲಿ 27 ವಿಧವಾಗಿ ಹಾಕಬಹುದು. ಗೋಲಿಗಳಿಗೆ ಗುರುತೇ ಇಲ್ಲದಿದ್ದರೆ ಅದು 10 ವಿಧವಾಗುತ್ತದೆ. ಏಕೆಂಬುದನ್ನು ಸಾಧಿಸಿರಿ, ಸಾಧ್ಯವಾದರೆ ಎರಡು ದಾರಿಗಳಿಂದ. ಸಾಧಿಸಿದ ಮೇಲೆ ನಿಮ್ಮ ಕೆಳಗಿನ ತರಗತಿಯ ಹುಡುಗನೊಬ್ಬನನ್ನು ಕರೆದು, ಅದನ್ನು ಅವನಿಗೆ ಕನ್ನಡದಲ್ಲಿ ತಿಳಿಸಿಕೊಡಿರಿ.